ಹೊತ್ತು ಹೋಗದ ಮರಿ ಸೋಫಾ ಹರಿಯದೆ ಇನ್ನೇನು ಮಾಡೀತು?

ಮಳೆಗಾಲ ಹಿಡಿಯಿತು ಅಂದರೆ ನನಗೆ ಬರುವ ಕಾಗದಗಳೂ ಬದಲಾಗುತ್ತವೆ. ಬೇಸಿಗೆಯಲ್ಲಿ ಉಣುಗು, ಮೈ ಕೆರೆತ ಅಂತ ಕೇಳುತ್ತಾರೆ. ಜೂನ್ ದಾಟಿದರೆ ಸಾಕು, ‘ನಾಯಿ ಮನೆಯನ್ನೆಲ್ಲ ಹರಿದು ಹಾಕುತ್ತಿದೆ’ ಎಂಬ ದೂರು. ಈ ಸಲ ಬಂದವುಗಳಲ್ಲಿ ನಾಲ್ಕನ್ನು ಆರಿಸಿಕೊಂಡಿದ್ದೇನೆ. 30 ವರ್ಷ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಕೆಲಸ ಮಾಡಿ, ಈಗ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಎರಡು ನಾಯಿಗಳ ಜೊತೆ ಇದ್ದೇನೆ. ನನಗೆ ತಿಳಿದದ್ದನ್ನು ಬರೆಯುತ್ತೇನೆ.

ಪ್ರಶ್ನೆ: ಮೇಡಂ, ನಾವಿರುವುದು ಶಿವಮೊಗ್ಗದ ಗೋಪಾಲಗೌಡ ಬಡಾವಣೆಯಲ್ಲಿ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಒಂಬತ್ತು ತಿಂಗಳ ಗಂಡು ಲ್ಯಾಬ್ರಡಾರ್ ಇದೆ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದೂವರೆವರೆಗೆ ಮನೆಯಲ್ಲಿ ಅದೊಂದೇ. ಎರಡು ತಿಂಗಳಲ್ಲಿ ಸೋಫಾ, ಮೂರು ಜೊತೆ ಚಪ್ಪಲಿ, ಟಿವಿ ರಿಮೋಟು, ಕೊನೆಗೆ ನಮ್ಮತ್ತೆ ಕೊಟ್ಟ ರೇಷ್ಮೆ ಸೀರೆಯ ಸೆರಗು ಎಲ್ಲ ಹೋಯಿತು. ಮನೆಗೆ ಬಂದ ಕೂಡಲೇ ಪೇಪರ್ ಸುರುಳಿ ಮಾಡಿ ಎರಡು ಏಟು ಕೊಡುತ್ತೇವೆ. ಮಾಡಿದ್ದು ತಪ್ಪು ಅಂತ ಅದಕ್ಕೆ ಗೊತ್ತು, ನಮ್ಮನ್ನು ನೋಡುತ್ತಲೇ ಮಂಚದ ಅಡಿ ಸೇರುತ್ತದೆ. ಆದರೂ ಮರುದಿನ ಅದೇ ಕಥೆ. ಯಾರಿಗಾದರೂ ಕೊಟ್ಟುಬಿಡಿ ಅನ್ನುತ್ತಾರೆ ಅಕ್ಕಪಕ್ಕದವರು. ನಮಗೆ ಮನಸ್ಸಿಲ್ಲ. ಏನು ಮಾಡೋದು?

ಉತ್ತರ: ಮೊದಲು ಆ ಪೇಪರ್ ಸುರುಳಿಯನ್ನು ರದ್ದಿಗೆ ಹಾಕಿ. ಉಳಿದದ್ದೆಲ್ಲ ಆಮೇಲೆ.

ಅದಕ್ಕೆ ತಪ್ಪು ಗೊತ್ತು ಅಂತ ನಿಮಗೆ ಅನ್ನಿಸುವುದು ಸಹಜ. ತಲೆ ತಗ್ಗಿಸುತ್ತದೆ, ಕಿವಿ ಹಿಂದಕ್ಕೆ ಮಡಚುತ್ತದೆ, ಬಾಲ ಕಾಲ ಸಂದಿಗೆ ಹೋಗುತ್ತದೆ. ನೋಡಿದರೆ ತಪ್ಪು ಒಪ್ಪಿಕೊಂಡ ಹಾಗೇ ಇರುತ್ತದೆ. ನ್ಯೂಯಾರ್ಕಿನ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದಾರೆ. 14 ನಾಯಿಗಳ ಮೇಲೆ ನಡೆದ ಆ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ನಾಯಿಯ ಎದುರು ತಿನಿಸು ಇಟ್ಟು, ‘ಮುಟ್ಟಬೇಡ’ ಅಂತ ಹೇಳಿ ಮನೆಯವರು ಹೊರಗೆ ಹೋಗಬೇಕು. ಕೆಲವು ಸಲ ನಾಯಿ ಅದನ್ನು ತಿಂದಿರುತ್ತಿತ್ತು, ಕೆಲವು ಸಲ ಇಲ್ಲ. ವಾಪಸ್ ಬಂದವರಿಗೆ ಒಮ್ಮೊಮ್ಮೆ ನಿಜ ಹೇಳುತ್ತಿದ್ದರು, ಒಮ್ಮೊಮ್ಮೆ ಸುಳ್ಳು. ಆ ತಪ್ಪಿತಸ್ಥ ಮುಖ ಕಂಡದ್ದು ಬೈಸಿಕೊಂಡ ನಾಯಿಗಳಲ್ಲಿ. ತಿಂದಿತ್ತೋ ಇಲ್ಲವೋ ಅನ್ನುವುದಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಏನೂ ತಿನ್ನದೆ ಸುಮ್ನೆ ಬೈಸಿಕೊಂಡವು ಇನ್ನೂ ಜಾಸ್ತಿ ಕುಗ್ಗಿಹೋಗಿದ್ದವು.

ನನಗೆ ಇದು ತಿಳಿದದ್ದು ಓದಿ ಅಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕ್ವಾರ್ಟರ್ಸಿನಲ್ಲಿ ಒಬ್ಬಳೇ ಇದ್ದೆ. ಕೆಂಪಿ ಅಂತ ಒಂದು ಹೆಣ್ಣು ನಾಡುನಾಯಿ ಸಾಕಿದ್ದೆ. ದಿನವಿಡೀ ಹಳ್ಳಿ ಹಳ್ಳಿ ಸುತ್ತಿ ದನಗಳಿಗೆ ಚುಚ್ಚುಮದ್ದು ಹಾಕಿ ಬರುತ್ತಿದ್ದೆ, ಅಷ್ಟೂ ಹೊತ್ತು ಕೆಂಪಿ ಒಳಗೆ ಒಂಟಿ. ಒಂದು ಸಂಜೆ ಬಾಗಿಲು ತೆಗೆದರೆ ಕೋಣೆ ತುಂಬ ಹತ್ತಿ ಹಾರುತ್ತಿತ್ತು. ಅಮ್ಮ ಬೂರುಗದ ಹತ್ತಿ ತುಂಬಿ ಹೊಲಿದುಕೊಟ್ಟ ದಿಂಬು ಅದು. ಸಿಟ್ಟು ತಡೆಯಲಿಲ್ಲ, ಹೊಡೆದೆ. ಅದಾದ ಮೇಲೆ ಸುಮಾರು ಮೂರು ವಾರ, ನಾನು ಬೀಗ ತೆಗೆಯುವ ಸದ್ದು ಕೇಳಿದರೆ ಅವಳು ನಿಂತಲ್ಲೇ ಉಚ್ಚೆ ಹೊಯ್ಯುತ್ತಿದ್ದಳು. ಹರಿಯುವುದು ಮಾತ್ರ ನಿಲ್ಲಲಿಲ್ಲ. ಬೆಳಿಗ್ಗೆ ಹತ್ತು ಗಂಟೆಗೆ ಹರಿದ ದಿಂಬಿಗೂ ಸಂಜೆ ಆರಕ್ಕೆ ಬಿದ್ದ ಏಟಿಗೂ ಅವಳ ತಲೆಯಲ್ಲಿ ನಂಟೇ ಇರಲಿಲ್ಲ. ನಾನು ಬರುವುದಕ್ಕೂ ನೋವಿಗೂ ನಂಟು ಬೆಳೆದಿತ್ತು. ಆ ಸಂಜೆ ನೆನಪಾದರೆ ಈಗಲೂ ಸಂಕಟವಾಗುತ್ತದೆ.

ಈಗ ನಿಮ್ಮ ನಾಯಿಯ ವಿಷಯ. ಲ್ಯಾಬ್ರಡಾರಿನ ಮೂಲ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಡೆ. ಮೀನುಗಾರರ ಜೊತೆ ತಣ್ಣೀರಿಗೆ ಹಾರಿ ಬಲೆ, ಮೀನು ಎಳೆದು ತರುತ್ತಿದ್ದ ನಾಯಿಗಳ ವಂಶ ಅದು. ಆಮೇಲೆ ಬ್ರಿಟನ್ನಿನಲ್ಲಿ ಬೇಟೆಗೆ ಬಿದ್ದ ಹಕ್ಕಿಯನ್ನು ಬಾಯಲ್ಲಿ ಕಚ್ಚಿ ತರಲು ಬೆಳೆಸಿದರು. ಬಾಯಲ್ಲಿ ಏನಾದರೂ ಹಿಡಿಯಬೇಕು, ಓಡಬೇಕು, ಹುಡುಕಬೇಕು. ಅದರ ರಕ್ತದಲ್ಲೇ ಇದು ಬಂದಿದೆ. ಜೊತೆಗೆ ಒಂಬತ್ತು ತಿಂಗಳು ಅಂದರೆ ಹುಡುಗರಿಗೆ ಮೀಸೆ ಚಿಗುರುವ ವಯಸ್ಸಿದ್ದ ಹಾಗೆ. ಅಂಥದ್ದನ್ನು ಎಂಟೂವರೆ ಗಂಟೆ ನಾಲ್ಕು ಗೋಡೆಯ ನಡುವೆ ಬಿಟ್ಟು ಹೋದರೆ ಅದು ತನಗೆ ತಾನೇ ಕೆಲಸ ಹುಡುಕಿಕೊಳ್ಳುತ್ತದೆ. ಸೋಫಾ ಅದಕ್ಕೆ ಸಿಕ್ಕಿದ ಕೆಲಸ.

ಒಂದು ಅನುಮಾನ ಮೊದಲು ಪರಿಹಾರ ಮಾಡಿಕೊಳ್ಳಿ. ನೀವು ಹೊರಟ ಮೇಲೆ ಏನಾಗುತ್ತದೆ ಅಂತ ಹಳೇ ಮೊಬೈಲಿನಲ್ಲಿ ಮೊದಲ ಒಂದು ಗಂಟೆ ವಿಡಿಯೊ ಮಾಡಿ. ಸ್ವಲ್ಪ ಮಲಗಿ, ಎದ್ದು, ಅಡ್ಡಾಡಿ, ಬೇಜಾರಾಗಿ ಏನನ್ನೋ ಎಳೆದುಕೊಂಡು ಕೂತರೆ ಅದು ಹೊತ್ತು ಹೋಗದ ನಾಯಿ. ನೀವು ಹೋದ ಹತ್ತಿಪ್ಪತ್ತು ನಿಮಿಷದೊಳಗೇ ಊಳಿಡುವುದು, ಜೊಲ್ಲು ಸುರಿಸುವುದು, ಬಾಗಿಲು ಕಿಟಕಿಯನ್ನೇ ಕೆರೆಯುವುದು, ಇಟ್ಟ ತಿಂಡಿಯನ್ನು ಮೂಸಿಯೂ ನೋಡದಿರುವುದು ಕಂಡರೆ ಅದು ಒಂಟಿಯಾಗಿರುವ ಭಯ. ಎರಡಕ್ಕೂ ಮದ್ದು ಬೇರೆ. ಭಯ ಅಂತ ಕಂಡರೆ ವಿನೋಬನಗರದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಆ ವಿಡಿಯೊ ತೆಗೆದುಕೊಂಡೇ ಹೋಗಿ. ನಿಮ್ಮ ಕಾಗದ ಓದಿದರೆ ಇದು ಬೇಜಾರೇ ಅನ್ನಿಸುತ್ತದೆ.

ಬೇಜಾರಾದರೆ ಹೀಗೆ ಮಾಡಿ. ಬೆಳಿಗ್ಗೆ ಆಫೀಸಿಗೆ ಮುಂಚೆ ಮುಕ್ಕಾಲು ಗಂಟೆ ಹೊರಗೆ ಕರೆದುಕೊಂಡು ಹೋಗಿ. ‘ಬಾ ಬಾ, ಲೇಟಾಯ್ತು’ ಅಂತ ಎಳೆದುಕೊಂಡು ಹೋಗಬೇಡಿ. ಒಂದು ಕಂಬದ ಬುಡ ಮೂಸಲು ಎರಡು ನಿಮಿಷ ಬೇಕೆಂದರೆ ಕೊಡಿ. ನಮಗೆ ಬೆಳಿಗ್ಗೆ ಪೇಪರ್ ಓದಿದ ಹಾಗೆ ಅದು. ಬರೀ ಕಾಲಿಗೆ ದಣಿವಾದ ನಾಯಿ ಅರ್ಧ ಗಂಟೆಯಲ್ಲಿ ಸುಧಾರಿಸಿಕೊಂಡು ಮತ್ತೆ ಏಳುತ್ತದೆ. ಮೂಗು, ತಲೆ ಎರಡೂ ದಣಿದರೆ ಚೆನ್ನಾಗಿ ನಿದ್ದೆ ಮಾಡುತ್ತದೆ.

ಎರಡನೆಯದು, ಬೆಳಗಿನ ಊಟವನ್ನು ಬಟ್ಟಲಿಗೆ ಹಾಕುವುದನ್ನೇ ನಿಲ್ಲಿಸಿ. ಬಟ್ಟಲಿನ ಊಟ ಎರಡು ನಿಮಿಷದಲ್ಲಿ ಖಾಲಿ, ಆಮೇಲೆ ಇಡೀ ದಿನ ಅದಕ್ಕೆ ಏನಿದೆ? ಅದೇ ಊಟದಲ್ಲಿ ಸ್ವಲ್ಪವನ್ನು ಟೆರೇಸಿನ ಮೇಲೆ ಚೆಲ್ಲಿ, ಹುಡುಕಿ ತಿನ್ನಲಿ. ಸ್ವಲ್ಪವನ್ನು ರಟ್ಟಿನ ಡಬ್ಬಿಯೊಳಗೆ ಹಳೇ ಪೇಪರ್ ಉಂಡೆಗಳ ನಡುವೆ ಹಾಕಿಡಿ. ಟೇಪು, ಪಿನ್ನು ಇದ್ದರೆ ಮೊದಲೇ ಕಿತ್ತುಬಿಡಿ. ನಮ್ಮ ಕಡೆ ಅಡಿಕೆ ಹಾಳೆಯ ತಟ್ಟೆ ಧಾರಾಳ ಸಿಗುತ್ತದಲ್ವಾ? ಎರಡು ತಟ್ಟೆ ಒಂದರ ಮೇಲೊಂದು ಕವುಚಿ, ನಡುವೆ ತಿಂಡಿ ಇಟ್ಟು ಕೊಡಿ. ಹರಿಯುವ ಆಸೆಯೂ ತೀರುತ್ತದೆ, ಹರಿದದ್ದಕ್ಕೆ ಬೈಗುಳವೂ ಇಲ್ಲ. ಇದೆಲ್ಲ ನೀವು ಮನೆಯಲ್ಲಿ ನೋಡುತ್ತಿರುವಾಗ. ಚೂರು ನುಂಗುವ ನಾಯಿಯಾದರೆ ಹಾಳೆ, ರಟ್ಟು ಎರಡೂ ಬೇಡ. ಹೊರಡುವಾಗ ಮಾತ್ರ, ಒಳಗೆ ಟೊಳ್ಳಿರುವ ಗಟ್ಟಿ ರಬ್ಬರ್ ಆಟಿಕೆಗೆ ಮೊಸರನ್ನ ತುಂಬಿ ರಾತ್ರಿಯೇ ಫ್ರೀಜರಿನಲ್ಲಿಟ್ಟದ್ದನ್ನು ಕೊಟ್ಟು ಹೋಗಿ. ಉಪ್ಪು ಬೇಡ, ಒಗ್ಗರಣೆ ಬೇಡ, ಈರುಳ್ಳಿ ಬೆಳ್ಳುಳ್ಳಿ ಅಂತೂ ಬೇಡವೇ ಬೇಡ, ಅವು ನಾಯಿಗೆ ವಿಷ. ಅದನ್ನು ನೆಕ್ಕಿ ಮುಗಿಸುವ ಹೊತ್ತಿಗೆ ನೀವು ಹೋದ ಬೇಜಾರು ಕಳೆದು ಕಣ್ಣು ಎಳೆಯುತ್ತಿರುತ್ತದೆ.

ಮೂರನೆಯದನ್ನು ನೇರವಾಗಿಯೇ ಹೇಳುತ್ತೇನೆ. ಎಂಟೂವರೆ ಗಂಟೆ ಒಂಟಿತನ ಈ ವಯಸ್ಸಿಗೆ ಜಾಸ್ತಿಯಾಯಿತು. ಮಧ್ಯಾಹ್ನ ಒಂದು ಗಂಟೆಗೆ ಯಾರಾದರೂ ಬಂದು ಇಪ್ಪತ್ತು ನಿಮಿಷ ಹೊರಗೆ ಬಿಟ್ಟು, ಮಾತಾಡಿಸಿ ಹೋಗಲಿ. ಪಕ್ಕದ ಮನೆ ಅಜ್ಜಿ, ಪಿಯುಸಿ ಓದುವ ಹುಡುಗ, ಯಾರಾದರೂ ಸರಿ. ಕೊಟ್ಟುಬಿಡಿ ಅನ್ನುವ ನೆರೆಯವರನ್ನೇ ಒಮ್ಮೆ ಕೇಳಿ ನೋಡಿ. ಎಷ್ಟೋ ಜನಕ್ಕೆ ನಾಯಿ ಜೊತೆ ಹೊತ್ತು ಕಳೆಯುವುದು ಇಷ್ಟ ಇರುತ್ತದೆ, ಯಾರೂ ಕೇಳಿರುವುದಿಲ್ಲ ಅಷ್ಟೆ.

ಸಂಜೆ ಐದೈದು ನಿಮಿಷ ಪಾಠ ಮಾಡಿ. ‘ತಾ’, ‘ಬಿಡು’, ‘ಕೂರು’, ಈ ಮೂರು ಸಾಕು. ಬಾಯಲ್ಲಿ ಚಪ್ಪಲಿ ಹಿಡಿದು ಓಡಿದರೆ ಅಟ್ಟಿಸಿಕೊಂಡು ಹೋಗಬೇಡಿ, ಅದಕ್ಕೆ ಅದೇ ಆಟ. ಅದಕ್ಕಿಂತ ರುಚಿಯಾದದ್ದನ್ನು ತೋರಿಸಿ, ‘ಬಿಡು’ ಅಂದು, ಬಿಟ್ಟ ಕೂಡಲೇ ಕೊಡಿ. ನಾಯಿಗೆ ಇಂಗ್ಲಿಷಿನಲ್ಲೇ ಹೇಳಬೇಕು ಅಂತ ಕೆಲವರು ತಿಳಿದಿರುತ್ತಾರೆ. ಯಾವ ಭಾಷೆಯಾದರೂ ಅದಕ್ಕೆ ಒಂದೇ. ಮನೆಯವರೆಲ್ಲ ಒಂದೇ ಪದ ಬಳಸಬೇಕು, ಮುಖ್ಯವಾದದ್ದು ಅದು. ಒಬ್ಬರು ‘ಬಿಡು’, ಇನ್ನೊಬ್ಬರು ‘ಹಾಕು ಕೆಳಗೆ’ ಅಂದರೆ ಪಾಪ, ಏನು ತಿಳಿಯಬೇಕು ಅದಕ್ಕೆ?

ಹಳೇ ಚಪ್ಪಲಿಯನ್ನು ಆಟಕ್ಕೆ ಕೊಡಬೇಡಿ. ಹಳತು ಯಾವುದು, ಹೊಸತು ಯಾವುದು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ರಿಮೋಟು, ಮಾತ್ರೆ, ಚಾರ್ಜರ್ ವೈರು, ಸೀರೆ ಎಲ್ಲ ಬಾಗಿಲಿರುವ ಕಪಾಟಿನೊಳಗೆ ಇರಲಿ. ಇದು ನಾಯಿಗಿಂತ ಮನೆಯವರು ಕಲಿಯಬೇಕಾದ ಪಾಠ.

ಮೂರು ನಾಲ್ಕು ವಾರದಲ್ಲಿ ವ್ಯತ್ಯಾಸ ಕಾಣುತ್ತದೆ. ಪೂರ್ತಿ ತಣ್ಣಗಾಗುವುದಕ್ಕೆ ಎರಡು ವರ್ಷ ದಾಟಬೇಕು. ಕೊಡಬೇಡಿ ಅವನನ್ನು. ಇದೇ ಬೇಜಾರನ್ನು ಇನ್ನೊಂದು ಮನೆಗೆ ಹೊತ್ತುಕೊಂಡು ಹೋಗುತ್ತಾನೆ, ಅಷ್ಟೇ ಆಗುವುದು.

ಪ್ರಶ್ನೆ: ನಾನು ಸಾಗರದಲ್ಲಿ ಡಿಗ್ರಿ ಓದುತ್ತಿದ್ದೇನೆ. ನಾಲ್ಕೂವರೆ ತಿಂಗಳ ಮರಿ ಕುರ್ಚಿ ಕಾಲು, ನನ್ನ ಬೆರಳು, ಪುಸ್ತಕ, ಸಿಕ್ಕಿದ್ದೆಲ್ಲ ಕಡಿಯುತ್ತದೆ. ಕ್ಯಾಲ್ಸಿಯಂ ಕಡಿಮೆಯಾಗಿದೆ, ಟಾನಿಕ್ ಹಾಕು ಅನ್ನುತ್ತಾರೆ ಫ್ರೆಂಡ್ಸ್. ಹಾಕಲಾ?

ಉತ್ತರ: ಬೇಡ ತಮ್ಮಾ. ಹಲ್ಲು ಬದಲಾಗುತ್ತಿದೆ ಅದಕ್ಕೆ. ನಾಯಿಮರಿಗೆ 28 ಹಾಲುಹಲ್ಲು. ನಾಲ್ಕು ತಿಂಗಳ ಆಚೀಚೆ ಅವು ಬೀಳಲು ಶುರುವಾಗಿ, ಏಳು ತಿಂಗಳ ಹೊತ್ತಿಗೆ 42 ಗಟ್ಟಿ ಹಲ್ಲು ಬಂದು ಮುಗಿಯುತ್ತದೆ. ಒಸಡು ನವೆ, ನೋವು, ಅದಕ್ಕೇ ಕಡಿಯುವುದು. ಹತ್ತಿ ಬಟ್ಟೆಯನ್ನು ಒದ್ದೆ ಮಾಡಿ ಗಂಟು ಹಾಕಿ ಫ್ರೀಜರಿನಲ್ಲಿಟ್ಟು, ನೀನು ಪಕ್ಕದಲ್ಲಿ ಕೂತು ಅಗಿಯಲು ಕೊಡು. ಫ್ರಿಜ್ಜಿನಲ್ಲಿಟ್ಟ ಇಡೀ ಕ್ಯಾರೆಟ್ ಕೂಡ ಆಗುತ್ತದೆ. ಬೇಯಿಸಿದ ಮೂಳೆ ಕೊಡಬೇಡ, ಸೀಳು ಸೀಳಾಗಿ ಗಂಟಲಿಗೆ, ಕರುಳಿಗೆ ಚುಚ್ಚುತ್ತದೆ. ತೆಂಗಿನ ಕರಟವೂ ಬೇಡ, ಹಲ್ಲು ಮುರಿಯುತ್ತದೆ. ಬೆರಳು ಕಚ್ಚಿದರೆ ಕಿರುಚದೆ, ಕೈ ಕೊಡವದೆ ಆಟ ನಿಲ್ಲಿಸಿ ಎದ್ದು ಹೋಗು. ಕ್ಯಾಲ್ಸಿಯಂ ಅತಿಯಾದರೆ ದೊಡ್ಡ ತಳಿಯ ಮರಿಗಳ ಮೂಳೆ ಸರಿಯಾಗಿ ಬೆಳೆಯುವುದಿಲ್ಲ, ಡಾಕ್ಟರು ನೋಡಿ ಹೇಳದೆ ಹಾಕಬಾರದು. ಮಣ್ಣು, ಗೋಡೆ ಸುಣ್ಣ ನೆಕ್ಕುತ್ತಿದ್ದರೆ ಮಾತ್ರ ತೋರಿಸು, ಜಂತುಹುಳ ಇರಬಹುದು.

ಪ್ರಶ್ನೆ: ಡಾಕ್ಟ್ರಮ್ಮನವರಿಗೆ ನಮಸ್ಕಾರ. ಹೊಸನಗರ ತಾಲ್ಲೂಕಿನ ನಗರದ ಹತ್ತಿರ ನಮ್ಮ ಅಡಿಕೆ ತೋಟ. ಒಂದೂವರೆ ವರ್ಷದ ನಾಡುನಾಯಿ. ಹಗಲು ಕಟ್ಟಿ ಹಾಕುತ್ತೇವೆ, ರಾತ್ರಿ ಬಿಡುತ್ತೇವೆ. ಬಿಟ್ಟರೆ ಹೊಸದಾಗಿ ನೆಟ್ಟ ಅಡಿಕೆ ಸಸಿಗಳ ಬುಡವನ್ನೇ ತೋಡುತ್ತದೆ, ಅಡಿಕೆ ಚೀಲ ಹರಿಯುತ್ತದೆ. ನಮ್ಮಪ್ಪನ ಕಾಲದ ನಾಯಿಗಳು ಹೀಗಿರಲಿಲ್ಲ. ಈಗಿನ ನಾಯಿಗಳ ತಳಿಯೇ ಕೆಟ್ಟಿದೆಯಾ?

ಉತ್ತರ: ಯಜಮಾನರೇ, ತಳಿ ಅದೇ. ನಿಮ್ಮಪ್ಪನ ಕಾಲದ ನಾಯಿಯ ದಿನ ಹೇಗಿತ್ತು ಅಂತ ನೆನಪು ಮಾಡಿಕೊಳ್ಳಿ. ಬೆಳಿಗ್ಗೆ ಯಜಮಾನರ ಹಿಂದೆ ತೋಟಕ್ಕೆ, ಅಲ್ಲಿಂದ ಗದ್ದೆಗೆ, ಸೊಪ್ಪಿಗೆ ಬೆಟ್ಟಕ್ಕೆ. ಮಂಗ ಓಡಿಸಬೇಕು, ಹಂದಿ ವಾಸನೆ ಹಿಡಿದು ಬೊಗಳಬೇಕು, ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ ಹತ್ತಿರ ಮಲಗಿ ದನ ಬಂದರೆ ಅಟ್ಟಬೇಕು. ಸಂಜೆಯ ಹೊತ್ತಿಗೆ ಅದಕ್ಕೂ ನಿಮ್ಮಷ್ಟೇ ಸುಸ್ತು. ಈಗ ಬೇಲಿಗೆ ಸೋಲಾರ್ ಬಂತು, ನೀವು ಬೈಕಿನಲ್ಲಿ ಹೋಗಿ ಬರುತ್ತೀರಿ, ನಾಯಿ ಮಾತ್ರ ಕೊಟ್ಟಿಗೆ ಕಂಬಕ್ಕೆ. ಹನ್ನೆರಡು ಗಂಟೆ ಕಟ್ಟಿ ಹಾಕಿದ ಎಳೇ ನಾಯಿ ಬಿಟ್ಟ ಮೇಲೆ ಅಷ್ಟನ್ನೂ ಒಂದೇ ಸಲ ತೀರಿಸಿಕೊಳ್ಳುತ್ತದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ಸದಾ ಸರಪಳಿಯಲ್ಲಿಟ್ಟ ನಾಯಿಗೆ ಸಾಕಷ್ಟು ಓಡಾಟ ಕೊಡದಿರುವುದೂ ಕ್ರೌರ್ಯವೇ. ಹೆದರಿಸಲು ಹೇಳುತ್ತಿಲ್ಲ. ನಮ್ಮ ಕಡೆ ಬಹಳ ಮನೆಗಳಲ್ಲಿ ಇದು ಗೊತ್ತಿಲ್ಲ, ಅದಕ್ಕೆ ಬರೆದೆ.

ಸಸಿ ಬುಡವನ್ನೇ ಯಾಕೆ ತೋಡುತ್ತದೆ? ಮಣ್ಣು ಸಡಿಲ, ಹಾಕಿದ ಗೊಬ್ಬರದ ಘಾಟು, ಹೆಗ್ಗಣದ ವಾಸನೆ. ನಾಯಿ ಮೂಗಿಗೆ ಅದು ಹಬ್ಬ. ಸಸಿಗೆ ಹರಳು ಹಿಂಡಿ ಹಾಕಿದ್ದೀರಾ, ಅದನ್ನು ಮೊದಲು ನೋಡಿ. ಹರಳಿನಲ್ಲಿ ರಿಸಿನ್ ಎಂಬ ವಿಷ ಇದೆ, ನಾಯಿಗೆ ಆ ಹಿಂಡಿ ರುಚಿ. ರಕ್ತಭೇದಿಯಾಗಿ ಸತ್ತ ನಾಯಿಗಳನ್ನು ನಾನು ಕಣ್ಣಾರೆ ನೋಡಿದ್ದೇನೆ. ನಾಯಿ ಓಡಾಡುವ ತೋಟಕ್ಕೆ ಅದು ಬೇಡ. ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಮಾಡಲು ತಂದ ಮೈಲುತುತ್ತದ ಚೀಲ ಎತ್ತರದಲ್ಲಿರಲಿ. ಅಡಿಕೆ ಚೀಲ ಹರಿಯುವುದೂ ಬರೀ ಚೀಲದ ನಷ್ಟ ಅಲ್ಲ. ಅಡಿಕೆಯಲ್ಲಿರುವ ಅರೆಕೋಲಿನ್ ಅಂಶವನ್ನು ಹಿಂದೆ ನಾಯಿಗಳ ಲಾಡಿಹುಳು ಬೀಳಿಸಲು ಮದ್ದಾಗಿ ಕೊಡುತ್ತಿದ್ದರು, ಕರುಳನ್ನು ಹಿಂಡುವ ವಸ್ತು ಅದು. ಜಾಸ್ತಿ ನುಂಗಿದರೆ ವಾಂತಿ, ಭೇದಿ, ಜೊಲ್ಲು, ನಡುಕ. ಕಂಡ ಕೂಡಲೇ ಆಸ್ಪತ್ರೆಗೆ ಕರೆತನ್ನಿ, ಮನೆಮದ್ದು ಮಾಡುತ್ತಾ ಕೂರಬೇಡಿ.

ತೋಡುವುದನ್ನು ನಿಲ್ಲಿಸಲು ಹೋಗಬೇಡಿ, ಜಾಗ ಬದಲಾಯಿಸಿ. ಕೊಟ್ಟಿಗೆಯ ಸೂರಿನಡಿ, ಮಳೆ ನೀರು ಬೀಳದ ಕಡೆ ನಾಲ್ಕಡಿ ಅಗಲ ಉದ್ದದ ಜಾಗ ಅಗೆದು ಮರಳು ಬೆರೆಸಿ. ಅದರೊಳಗೆ ಬೇಯಿಸಿದ ಮೊಟ್ಟೆಯನ್ನೋ ಗೆಣಸಿನ ಚೂರನ್ನೋ ಹೂತಿಡಿ. ಮೊದಲ ದಿನ ನೀವೇ ಕೈ ಹಾಕಿ ಕೆದಕಿ ತೋರಿಸಿ. ನಾಲ್ಕು ದಿನಕ್ಕೆ ಅದರ ಜಾಗ ಅದಕ್ಕೆ ಗೊತ್ತಾಗುತ್ತದೆ. ಅಲ್ಲಿಯವರೆಗೆ ಸಸಿ ಸುತ್ತ ಬಿದಿರಿನ ತಡಿಕೆ ಕಟ್ಟಿ.

ಬೆಳಿಗ್ಗೆ, ಸಂಜೆ ತೋಟಕ್ಕೆ ಹೋಗುವಾಗ ಜೊತೆಗೆ ಕರೆದುಕೊಂಡು ಹೋಗಿ, ಮೊದಮೊದಲು ಇಪ್ಪತ್ತಡಿ ಹಗ್ಗದಲ್ಲಿ. ರಾತ್ರಿ ಬಿಡುವುದು, ಹಗಲು ಕಟ್ಟುವುದು, ಈ ಪದ್ಧತಿಯನ್ನು ತಿರುಗಿಸಿಬಿಡಿ. ನಿಮ್ಮ ಕಡೆ ಚಿರತೆ ಇರುವುದು ನಿಮಗೇ ಗೊತ್ತು, ಕತ್ತಲಾದ ಮೇಲೆ ನಾಯಿ ಒಳಗಿರಲಿ. ಡಿಸೆಂಬರಿನಿಂದ ಮೇವರೆಗೆ ಬೆಟ್ಟಕ್ಕೆ, ಕಾಡಿನಂಚಿಗೆ ಬೇಡ. ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾದದ್ದೇ ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಉಣುಗು ನಾಯಿ ಮೈ ಹತ್ತಿ ಮನೆಯೊಳಗೆ ಬರುತ್ತದೆ. ಡಾಕ್ಟರಲ್ಲಿ ಕೇಳಿ ಉಣುಗಿನ ಔಷಧಿ ಹಾಕಿಸಿ, ಕಿತ್ತದ್ದನ್ನು ಬೆರಳಲ್ಲಿ ಹಿಸುಕಬೇಡಿ.

ಪ್ರಶ್ನೆ: ಆಗುಂಬೆಯಿಂದ ಬರೆಯುತ್ತಿದ್ದೇನೆ. ಮಳೆ ಹಿಡಿದರೆ ವಾರಗಟ್ಟಲೆ ಹೊರಗೆ ಕಾಲಿಡಲಾಗುವುದಿಲ್ಲ. ವರ್ಷದ ನಾಯಿ ಚಾಪೆ, ಕಂಬಳಿ, ಬಾಗಿಲ ದಾರಂದ ಎಲ್ಲ ಕಡಿದು ಹಾಕಿದೆ. ವಾಕಿಂಗ್ ಮಾಡಿಸಿ ಅಂತ ಎಲ್ಲರೂ ಹೇಳುತ್ತಾರೆ, ಈ ಮಳೆಯಲ್ಲಿ ಹೇಗೆ?

ಉತ್ತರ: ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಊರಿನಲ್ಲಿ ವಾಕಿಂಗ್ ಅಂತ ಹೇಳುವುದು ಸುಲಭ, ಮಾಡಿಸುವುದು ಕಷ್ಟ. ಹೊಳವಾದಾಗ ಹದಿನೈದು ನಿಮಿಷ ಹೊರಗೆ ಬಿಡಿ. ಬಂದ ಮೇಲೆ ಬೆರಳ ಸಂದು ಒಣಗುವ ಹಾಗೆ ಒರೆಸಿ, ಇಂಬಳ ಹತ್ತಿದೆಯಾ ನೋಡಿ, ಮೂಗಿನ ಹೊಳ್ಳೆಯನ್ನೂ ನೋಡಿ. ನಿಂತ ನೀರು ಕುಡಿಯಲು ಬಿಡಬೇಡಿ. ಇಲಿಜ್ವರದ ಲಸಿಕೆ ಹಾಕಿಸಿಲ್ಲವಾದರೆ ಹಾಕಿಸಿ.

ಉಳಿದದ್ದು ಜಗಲಿಯಲ್ಲೇ ಆಗುತ್ತದೆ. ನಮ್ಮ ಮನೆಯಲ್ಲಿ ಮಳೆಗಾಲವಿಡೀ ಆಡುವ ಆಟವನ್ನು ಹೇಳುತ್ತೇನೆ. ಒಂದು ಸಣ್ಣ ತಗಡಿನ ಡಬ್ಬಿಯ ಮುಚ್ಚಳಕ್ಕೆ ಮೊಳೆಯಿಂದ ಒಳಮುಖವಾಗಿ ನಾಲ್ಕು ತೂತು ಮಾಡಿ. ಒಳಗೆ ಮೂರು ಲವಂಗ ಹಾಕಿ ಬಿಗಿಯಾಗಿ ಮುಚ್ಚಿ. ಡಬ್ಬಿಯನ್ನು ನಾಯಿ ಮುಂದೆ ಹಿಡಿಯಿರಿ. ಮೂಸಿದ ಕೂಡಲೇ ‘ಭೇಷ್’ ಅಂದು ಒಂದು ಚೂರು ಬೇಯಿಸಿದ ಕೋಳಿ ಅಥವಾ ಗೆಣಸು ಕೊಡಿ. ಎರಡು ದಿನ ಇಷ್ಟೇ. ಮೂರನೇ ದಿನ ಡಬ್ಬಿಯನ್ನು ಅದರ ಕಣ್ಣೆದುರೇ ಚಾಪೆಯಡಿ ಇಟ್ಟು ‘ಹುಡುಕು’ ಅನ್ನಿ. ಆಮೇಲೆ ಕಾಣದ ಹಾಗೆ ಕಣಜದ ಹಿಂದೆ, ಮೆಟ್ಟಿಲ ಕೆಳಗೆ, ಮೆತ್ತಿನ ಮೂಲೆಯಲ್ಲಿ. ಸಿಗದೆ ಪರದಾಡುತ್ತಿದ್ದರೆ ಸ್ವಲ್ಪ ಹತ್ತಿರ ತಂದಿಡಿ, ಸೋತು ಆಟ ಮುಗಿಯಬಾರದು. ಒಂದು ಸಲಕ್ಕೆ ಹತ್ತು ನಿಮಿಷ, ದಿನಕ್ಕೆ ಮೂರು ಸಲ. ನಮ್ಮ ಕರಿಯ ಮೂರನೇ ಸಲ ಹುಡುಕಿ ಕೊಟ್ಟ ಮೇಲೆ ಬಚ್ಚಲೊಲೆ ಹತ್ತಿರ ಹೋಗಿ ಮಲಗಿಬಿಡುತ್ತಾನೆ, ಸಂಜೆವರೆಗೆ ಸದ್ದಿರುವುದಿಲ್ಲ.

ದಾರಂದ ಕಡಿಯುವುದು ಗುಡುಗು ಬಂದಾಗ ಮಾತ್ರವಾ ಅಂತ ಗಮನಿಸಿ ಬರೆಯಿರಿ. ಹಾಗಾದರೆ ಅದು ಹೆದರಿಕೆ, ಬೇರೆಯಾಗಿಯೇ ನೋಡಬೇಕಾಗುತ್ತದೆ. ಆಟ ಮುಗಿದ ಮೇಲೆ ಡಬ್ಬಿಯನ್ನು ಮೇಲೆತ್ತಿಡಿ, ಲವಂಗ ಅದರ ಹೊಟ್ಟೆಗೆ ಹೋಗುವುದು ಬೇಡ.